ಕೇಳಲು ಅಂಜುವುದನ್ನು ಕೇಳಿದ ದೊಡ್ಡಕ್ಕ

ಆಸ್ಪತ್ರೆಗಳಲ್ಲಿ ವೈದ್ಯರ ಹೆಸರು ಫಲಕದ ಮೇಲಿರುತ್ತದೆ, ದಾದಿಯರ ಹೆಸರು ರೋಗಿಗಳ ನಾಲಿಗೆಯ ಮೇಲಿರುತ್ತದೆ. ನಮ್ಮ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಹಿರಿಯ ಶುಶ್ರೂಷಕಿ ಎಲ್ಲರ ಬಾಯಲ್ಲೂ ‘ದೊಡ್ಡಕ್ಕ’.

ಅವರು ಸೇರಿದಾಗ ಆ ವಿಭಾಗವೆಂದರೆ ಹಿಂಬದಿಯ ಮೆಟ್ಟಿಲ ಕೆಳಗಿನ ಎರಡು ಕೋಣೆಗಳು. ಜನ ಕಣ್ಣಿನ ವಿಭಾಗದ ಚೀಟಿ ಹಿಡಿದು, ಅತ್ತಿತ್ತ ನೋಡಿ, ಒಳಗೆ ನುಸುಳುತ್ತಿದ್ದರಂತೆ. “ಬನ್ನಿ, ಕೂತ್ಕೊಳ್ಳಿ, ಕಣ್ಣು ಆಮೇಲೆ ನೋಡೋಣ” ಎನ್ನುತ್ತಿದ್ದರಂತೆ ದೊಡ್ಡಕ್ಕ.

ಅದೇ ಆಸ್ಪತ್ರೆಯ ಔಷಧಾಲಯದಲ್ಲಿ ದಿನವಿಡೀ ಮಾತ್ರೆ ಕೊಡುತ್ತಿದ್ದ ನನಗೆ, ಹದಿನೇಳು ವರ್ಷಗಳ ಹಿಂದೆ ಕಾಯಿಲೆ ನನ್ನ ಮನೆಯ ಹೊಸ್ತಿಲು ದಾಟಿದಾಗ ಬಾಯಿ ಕಟ್ಟಿಹೋಯಿತು. ಹೆರಿಗೆಯಾಗಿ ಆರು ವಾರವಾದರೂ ನನ್ನ ಹೆಂಡತಿ ಮಗುವಿನ ಮುಖ ನೋಡುತ್ತಿರಲಿಲ್ಲ, ನಿದ್ದೆಯಿಲ್ಲ, ಮಾತಿಲ್ಲ. “ನಾವೂ ನಾಲ್ಕು ಹೆತ್ತಿಲ್ವಾ?” ಎಂದು ನನ್ನ ತಾಯಿ ಗೊಣಗುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ದೊಡ್ಡಕ್ಕನ ಮುಂದೆ ನಿಂತು, “ನನ್ನ ಸ್ನೇಹಿತನ ಹೆಂಡತಿಗೆ...” ಎಂದು ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರೆಂದರು: “ಸ್ನೇಹಿತನ ಮನೆಗೆ ಈಗಲೇ ಹೋಗೋಣ ನಡಿ. ನಿನ್ನ ಮನೆಯಲ್ಲೇ ಇರಬೇಕಲ್ಲ ಅವನು.”

ಮನೆಯಲ್ಲಿ ಅವರು ನೆಲದ ಮೇಲೆ ಕುಳಿತು, ಮಗುವಿನ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದರು. ರಾಶಿ ಮುಗಿದ ಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಸತ್ತುಹೋಗೋಣ ಅಂತ ಅನ್ಸಿದ್ಯಾ, ತಾಯಿ?”

ಕೇಳಿದರೆ ಎಲ್ಲಿ ಆಗಿಹೋಗುತ್ತದೋ ಎಂದು ನಾನು ಹೆದರಿ ನುಂಗಿಕೊಂಡಿದ್ದ ಮಾತು ಅದು.

“ಹೂಂ. ದಿನಾ,” ಎಂದಳು ಅವಳು, ಎಷ್ಟೋ ದಿನಗಳ ಮೇಲೆ ಬಾಯಿ ತೆರೆದು.

“ಹೇಳಿದ್ದು ಒಳ್ಳೇದಾಯ್ತು. ಇದು ಕಾಯಿಲೆ, ನಿನ್ನ ತಪ್ಪಲ್ಲ. ವಾಸಿಯಾಗತ್ತೆ. ಡಾಕ್ಟರ್ ಇನ್ನೂ ಇದ್ದಾರೆ, ಇವತ್ತೇ ಹೋಗೋಣ. ನಾನು ಪಕ್ಕದಲ್ಲೇ ಇರ್ತೀನಿ.” ನನ್ನ ತಾಯಿಗೆ ಅವರು ಹೇಳಿದ್ದೂ ಒಂದೇ ಮಾತು: “ಅಮ್ಮಾ, ಜ್ವರ ಬಂದವರಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತೀವಾ?” ಮಗುವನ್ನೆತ್ತಿಕೊಂಡು ಮೊದಲು ಹೊರಟು ನಿಂತವರು ನನ್ನ ತಾಯಿಯೇ.

ಒಮ್ಮೆಲೇ ಗುಣವಾಗಲಿಲ್ಲ. ಔಷಧಿ ಒಮ್ಮೆ ಬದಲಾಯಿತು, ನಡುವೆ ಒಂದು ತಿಂಗಳು ಮತ್ತೆ ಕತ್ತಲೆ ಕವಿಯಿತು. ಆಗ ನಾನೇ ಕುಸಿಯುತ್ತಿರುವುದನ್ನು ಗುರುತಿಸಿ, ರಟ್ಟೆ ಹಿಡಿದು ಆಪ್ತಸಮಾಲೋಚಕರ ಮುಂದೆ ಕೂರಿಸಿದವರೂ ದೊಡ್ಡಕ್ಕನೇ. ಚಿಕಿತ್ಸೆಯ ಎಂಟನೆಯ ತಿಂಗಳಲ್ಲಿ ನನ್ನ ಹೆಂಡತಿ ಮಗುವಿಗೆ ಸ್ನಾನ ಮಾಡಿಸುತ್ತ ನಕ್ಕಳು. ಬಾಗಿಲ ಬಳಿ ನಾನು ಅಲ್ಲಾಡದೆ ನಿಂತುಬಿಟ್ಟೆ.

ಕಳೆದ ತಿಂಗಳು ಅವಳೇ ಇದನ್ನೆಲ್ಲ ಮಗಳಿಗೆ ಹೇಳಿದಳು. ಮರುದಿನ ಮಗಳು ಒಬ್ಬಳೇ ಆಸ್ಪತ್ರೆಗೆ ಹೋಗಿ ದೊಡ್ಡಕ್ಕನ ಕೈ ಹಿಡಿದಳಂತೆ. “ನಮ್ಮಮ್ಮನ್ನ ಉಳಿಸಿಕೊಟ್ಟಿರಿ,” ಎಂದಳಂತೆ.

“ನಾನು ಕೇಳಿದೆ ಅಷ್ಟೇ ಮಗಳೇ,” ಎಂದರಂತೆ ದೊಡ್ಡಕ್ಕ. “ನಿಜ ಹೇಳೋ ಧೈರ್ಯ ನಿಮ್ಮಮ್ಮಂದು.”

ಇಂಥವರ ಜೊತೆ ಒಂದೇ ಸೂರಿನಡಿ ದುಡಿದೆನೆಂಬುದೇ ನನಗೊಂದು ಬೆರಗು. ಅವರು ನೂರು ಕಾಲ ಆರೋಗ್ಯವಾಗಿರಲಿ. ಇನ್ನೂ ಅನೇಕ ಮನೆಗಳಲ್ಲಿ ನೆಲದ ಮೇಲೆ ಕುಳಿತು, ಯಾರೂ ಕೇಳಲಾರದ್ದನ್ನು ಕೇಳಲಿ.