ನೆಲದ ಕೆಳಗಿನ ನಿದ್ದೆ

ಬ್ಯಾಡಗಿಯಲ್ಲಿ ನಮ್ಮ ಮನೆಯ ನೆಲದ ಕೆಳಗೆ ಬರೀ ಮಣ್ಣು. ಪುಣೆಯಲ್ಲಿ ನಮ್ಮ ನೆಲದ ಕೆಳಗೆ ಒಬ್ಬ ಹಿರಿಯರು ಮಲಗುತ್ತಾರೆ. ಬಂದ ವಾರವೇ ನಾನು ಮಧ್ಯಾಹ್ನ ಮಂಚವನ್ನು ದರದರ ಎಳೆಯುತ್ತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ಕೆಳಮನೆಯ ಸುಧಾ ಕಾಕು; ಹಿರಿಯ ಹೆಂಗಸರನ್ನು ಇಲ್ಲಿ ಕಾಕು ಅನ್ನುತ್ತಾರೆ. ಬೈಯಲಿಲ್ಲ. ಅಂಗೈ ಜೋಡಿಸಿ ಕೆನ್ನೆಗಿಟ್ಟುಕೊಂಡು, ಬೆರಳನ್ನು ನೆಲದ ಕಡೆ ತೋರಿಸಿ, "ವಾಮಕುಕ್ಷಿ" ಎಂದರು. ಉಂಡ ಮೇಲೆ ಎಡಮಗ್ಗುಲಿಗೆ ಹೊರಳಿ ತೆಗೆಯುವ ನಿದ್ದೆಗೆ ಇಲ್ಲಿ ಆ ಹೆಸರು. ಒಂದರಿಂದ ನಾಲ್ಕರವರೆಗೆ ಪುಣೆಯ ಹಳಬರನ್ನು ದೇವರೂ ಎಬ್ಬಿಸುವುದಿಲ್ಲವಂತೆ. ಇದೆಂಥ ಊರಪ್ಪಾ, ಹಗಲೂ ಪಿಸುಗುಟ್ಟಿಕೊಂಡೇ ಬದುಕಬೇಕೇ ಎಂದು ನನಗೆ ಅಳುವೇ ಬಂತು.

ನನ್ನ ಗಂಡ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯಲ್ಲಿದ್ದರು. ಪುಣೆಗೆ ವರ್ಗವಾದಾಗ ಮೂರನೇ ಮಹಡಿಯಲ್ಲಿ ಹಳೆಯ ಫ್ಲ್ಯಾಟೊಂದನ್ನು ಕೊಂಡೆವು. ಅಷ್ಟರಲ್ಲಿ ಹಾವೇರಿಯ ಆಸ್ಪತ್ರೆಯಲ್ಲಿ ಅತ್ತೆಯವರ ಮಂಡಿಯ ಆಪರೇಷನ್ ಆಯಿತು. ಮಗನ ಹತ್ತಿರ ಇರಬೇಕೆಂದು ಅವರಿಗೆ ಆಸೆ. ನಮ್ಮ ಬಚ್ಚಲಲ್ಲೋ ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ, ವಾಕರ್ ಹಿಡಿದವರು ತಿರುಗಲಾರದಂಥ ಇಕ್ಕಟ್ಟು. ಅದನ್ನು ಒಡೆದು ಕಟ್ಟದೆ ಅತ್ತೆ ಬರುವಂತೆಯೇ ಇರಲಿಲ್ಲ.

ಊರಲ್ಲಾದರೆ ಗೋಡೆ ಕಟ್ಟುವ ಗವಂಡಿ ಬೆಳಿಗ್ಗೆ ಬಂದು ಚಹಾ ಕುಡಿದು ಸುತ್ತಿಗೆ ಎತ್ತುತ್ತಾನೆ. ಓಣಿಯವರೆಲ್ಲ ಬಂದು ನಿಂತು ಬುದ್ಧಿ ಹೇಳುತ್ತಾರೆ. ಇಲ್ಲಿ ಮೊದಲು 'ಸೊಸಾಯಟಿ' ಒಪ್ಪಬೇಕು. ಅಂದರೆ ಕಟ್ಟಡದಲ್ಲಿರುವ ಮನೆಗಳವರ ಸಂಘ. ಅವರ ಎಂಜಿನಿಯರು ಬಂದು ಬಚ್ಚಲಿನ ಒಂದು ಗೋಡೆಯನ್ನು ತಟ್ಟಿ ನೋಡಿ, ಇದು ಮೇಲಿನ ಮನೆಗಳ ಭಾರ ಹೊತ್ತಿದೆ, ಮುಟ್ಟಬೇಡಿ ಎಂದರು. ನಮ್ಮ ದುಡ್ಡಿನ ಗೋಡೆ, ಇವರದೇನು ಕಾರುಬಾರು ಎಂದು ನಾನು ಮುಖ ಊದಿಸಿಕೊಂಡೆ. ಕೊನೆಗೆ ಗೋಡೆಯ ತಂಟೆಗೆ ಹೋಗದೆ, ನೆಲ ಒಡೆದು ಕಮೋಡು ಕೂರಿಸಿ, ಒಳಗೆ ತೆರೆಯುತ್ತಿದ್ದ ಬಾಗಿಲನ್ನು ಹೊರಗೆ ತೆರೆಯುವಂತೆ ಮಾಡಿಸುವುದೆಂದಾಯಿತು. ಇದ್ದ ಒಂದೇ ಸಮಾಧಾನವೆಂದರೆ, ಮರಾಠಿಯಲ್ಲೂ ಗವಂಡಿಗೆ ಗವಂಡಿ ಅಂತಲೇ ಅನ್ನುತ್ತಾರೆ. ಆ ಶಬ್ದ ಕಿವಿಗೆ ಬಿದ್ದಾಗ ನಮ್ಮೂರವರೇ ಸಿಕ್ಕಷ್ಟು ಖುಷಿಯಾಯಿತು.

ಕೆಲಸದ ಸುದ್ದಿ ಹೇಳಲು ಕೆಳಗೆ ಹೋದರೆ ಕಾಕು ಅವರ ಮುಖ ಬಾಡಿತು. ಅವರ ಗಂಡ ಕಾಕಾ ಅವರಿಗೆ ದಮ್ಮು, ಅಂದರೆ ಉಬ್ಬಸ. ಹಾಸಿಗೆಯ ಪಕ್ಕದಲ್ಲೇ ಆಮ್ಲಜನಕದ ಯಂತ್ರ. ಧೂಳು ಆಗದು, ಬೇರೆಲ್ಲಿಗೂ ಕರೆದೊಯ್ಯುವಂತಿಲ್ಲ. ಆದರೂ ಕಾಕು, "ನಿಮ್ಮ ಅತ್ತೆ ಬರಬೇಕಲ್ಲ, ಮಾಡಿಸಿ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಜಗಳಕ್ಕೆ ಬಂದಿದ್ದರೆ ನಾನೂ ಸೆರಗು ಬಿಗಿಯುತ್ತಿದ್ದೆ. ಈ ಮಾತಿಗೆ ಏನು ಮಾಡುವುದು? ಅತ್ತೆಗೆ ಫೋನು ಮಾಡಿದೆ.

"ಅತ್ತೀ, ಕೆಳಗಿನ ಮನಿಯವ್ರಿಗೆ ದಮ್ಮು ಐತ್ರಿ. ಧೂಳು ಎದ್ರ ಹೆಂಗ ಅಂತ ಚಿಂತಿ ಹತ್ತೇತಿ."

"ಹಂಗಿದ್ರ ನಾ ಬರಂಗಿಲ್ಲವಾ. ನನ್ನ ಕಾಲಿನ ಸಲುವಾಗಿ ಇನ್ನೊಬ್ರ ಎದಿ ಕೆಡೋದು ಬ್ಯಾಡ."

"ಹಂಗ ಅನಬ್ಯಾಡ್ರಿ. ನೀವು ಬರಾಕ ಬೇಕು."

ಅತ್ತೆ, "ಮಸಾಲಿ ಖಾರಕ್ಕ ಮೆಣಸಿನಕಾಯಿ ಹುರಿಯೋ ಮುಂದ ನಾವು ಏನು ಮಾಡತೇವಿ? ಪುಣೆಕ್ಕ ಹೋಗಿ ಮರತೀಯೇನು?" ಎಂದರು.

ಮರೆಯುವುದುಂಟೇ! ಬ್ಯಾಡಗಿಯಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ಹುರಿಯುವ ಹಿಂದಿನ ದಿನವೇ ಅತ್ತೆ ಮನೆಮನೆಗೆ ಹೋಗಿ, "ನಾಳೆ ಘಾಟು ಏಳತೈತ್ರಿ, ಕೂಸಿನ್ನ ಆ ಕಡೆ ಕರ್ಕೊಂಡು ಹೋಗ್ರಿ" ಎಂದು ಹೇಳಿ ಬರುತ್ತಿದ್ದರು. ಬಾಗಿಲಿಗೆ ಹಸಿ ಗೋಣಿಚೀಲ ಕಟ್ಟುತ್ತಿದ್ದರು. ಖಾರ ಆದ ಮೇಲೆ ಕೆಮ್ಮಿದ ಮನೆಗಳಿಗೆಲ್ಲ ಒಂದೊಂದು ಬಟ್ಟಲು ಹೋಗುತ್ತಿತ್ತು.

ಹಾಗೇ ಮಾಡಿದೆ. ಮುರುಕು ಮರಾಠಿಯಲ್ಲಿ ಮಹಡಿ ಮಹಡಿಗೂ ಹೇಳಿ ಬಂದೆ. ಬಚ್ಚಲ ಬಾಗಿಲಿಗೂ ಕಿಟಕಿಗೂ ಹಸಿ ಗೋಣಿಚೀಲ ಬಿಗಿದೆ. ಗವಂಡಿ ಗೊಣಗುತ್ತಲೇ ಇದ್ದ. ನಾನು ಅವನ ಪ್ರತಿ ಏಟಿಗೂ ಮುಂಚೆ ನೆಲದ ಫರಸಿಕಲ್ಲಿಗೆ ನೀರು ಸುರಿಯುತ್ತಲೇ ಇದ್ದೆ. ನಡುನಡುವೆ ಕೆಳಗೆ ಓಡಿಹೋಗಿ ನೋಡಿದರೆ, ಕಾಕು ಗಂಡನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ಕಾಕಾ ನನ್ನ ಕೆಸರಾದ ಸೀರೆ ನೋಡಿ ನಗುತ್ತ, ಏನೂ ಆಗಿಲ್ಲ ಎಂದು ಕೈಯಾಡಿಸಿದರು. ಮಧ್ಯಾಹ್ನ ಗಂಟೆ ಒಂದು ಹೊಡೆಯುತ್ತಲೇ ಸುತ್ತಿಗೆ ನಿಲ್ಲುತ್ತಿತ್ತು. ಒಡೆದ ಚೂರೆಲ್ಲ ಚೀಲ ಸೇರಿ, ಬಾಯಿ ಕಟ್ಟಿಸಿಕೊಂಡು ಕೆಳಗಿಳಿಯಿತು. ಹೊಸ ನೆಲ ಸೋರುವುದೋ ಎಂದು ನೀರು ಕಟ್ಟಿ ಬಿಟ್ಟಾಗ, ಕಾಕು ತಮ್ಮ ಬಚ್ಚಲ ಚಾವಣಿ ನೋಡಿ ಕಿಟಕಿಯಿಂದಲೇ ಕೂಗಿದರು: "ಕೋರಡ ಆಹೆ!" ಒಣಗಿಯೇ ಇದೆ ಎಂದರ್ಥ. ಪುಣೆಯಲ್ಲಿ ನಾನು ಕೇಳಿದ ಅತ್ಯಂತ ಸಿಹಿಯಾದ ಮಾತು ಅದು.

ಖಾರದ ಬಟ್ಟಲು ಒಯ್ದಾಗ ಮಾತ್ರ ಕಾಕು ಅದನ್ನು ಬಾಗಿಲಲ್ಲೇ ಇಸಿದುಕೊಂಡು ಮುಚ್ಚಳ ಒತ್ತಿ ಹಿಡಿದರು. ದಮ್ಮಿನವರ ಮನೆಗೆ ಖಾರ ತಂದ ಜಾಣೆ ನಾನು! ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅತ್ತೆ ಬಂದರು. ಬಚ್ಚಲಿಗೆ ಯಾರ ಕೈ ಹಿಡಿಯದೆ ಹೋಗಿ ಬಂದ ದಿನ ಮಗುವಿನ ಹಾಗೆ ಹಿಗ್ಗಿದರು. ಮಧ್ಯಾಹ್ನ ಮಾತ್ರ ವಾಕರನ್ನು ತಳ್ಳುತ್ತಿರಲಿಲ್ಲ. ಎತ್ತಿ, ಸದ್ದಾಗದಂತೆ ಇಟ್ಟು, ಆಮೇಲೆ ಹೆಜ್ಜೆ ಹಾಕುತ್ತಿದ್ದರು. ಹೇಳಿಕೊಟ್ಟವರು ಯಾರೂ ಇಲ್ಲ.

ಮೊನ್ನೆ ಅವರೊಡನೆ ಬ್ಯಾಡಗಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜಲು ಕಲ್ಲು ಎತ್ತಿಕೊಂಡಿದ್ದೆ. ಪಡಸಾಲೆಯಲ್ಲಿ ಅತ್ತೆ ವಾಕರನ್ನು ಎತ್ತಿ, ಮೆಲ್ಲಗೆ ಇಟ್ಟು, ಎತ್ತಿ, ಮೆಲ್ಲಗೆ ಇಟ್ಟು ಬರುತ್ತಿದ್ದರು. ನನಗೆ ನಗು ಬಂತು.

"ಅತ್ತೀ, ಇಲ್ಲಿ ಕೆಳಗ ಯಾರೂ ಇಲ್ರಿ. ಬರೀ ಮಣ್ಣು."

ಅತ್ತೆ ಗೋಡೆಯ ಗಡಿಯಾರ ನೋಡಿದರು.

"ಗೊತ್ತೈತಿ ಬಿಡವಾ. ಅಲ್ಲಿ ಈಗ ಮಲಗಿರತಾರಲ್ಲ, ಪಾಪ."

ನಾನು ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟು, ನಾಲ್ಕು ಹೊಡೆಯಲಿ ಎಂದು ಕಾಯುತ್ತ ಕೂತೆ.