ಕಾಲಿನ ನಟ್ಟು

ತಂಬ್ರಹಳ್ಳಿಯ ದ್ಯಾಮಕ್ಕನಿಗೆ ಮೂವತ್ತರ ತನಕ ಹೊಟ್ಟೆಕಿಚ್ಚು ಅಂದರೇನೆಂದು ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ತನ್ನದು ಅಂತ ಏನಾದರೂ ಇರಬೇಕಲ್ಲ! ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಅಂದಿನಿಂದ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುವುದು, ಎಲ್ಲರೂ ಮದುವೆಗೆ ಹೋದಾಗ ಮನೆ ಕಾಯುವುದು, ಇಷ್ಟೇ ಅವಳ ಪಾಲಿಗೆ ಬಂದದ್ದು.

ತೊಂಬತ್ತೇಳನೇ ಇಸವಿಯಲ್ಲಿ ಹಗರಿಬೊಮ್ಮನಹಳ್ಳಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪಂಚಾಕ್ಷರಪ್ಪ ಅಂಗವಿಕಲರಿಗಾಗಿ ಬಣ್ಣದ ಕೇಂದ್ರ ತೆರೆದರು. ಸಿಪ್ಪೆ, ಕಾಯಿ, ಹೂವು ಕುದಿಸಿ ಬಟ್ಟೆಗೆ ಬಣ್ಣ ಕಟ್ಟುವ ಕೆಲಸ. ಸೊರಗಿದ ಕಾಲಿಗೆ ಆಸರೆಯಾಗಿ ಕಬ್ಬಿಣದ ಕ್ಯಾಲಿಪರ್ ಬಿಗಿದುಕೊಂಡು ದಿನಾ ಬಸ್ಸು ಹತ್ತಿ ಬರುತ್ತಿದ್ದ ದ್ಯಾಮಕ್ಕನಿಗೆ ದಾಳಿಂಬೆ ಸಿಪ್ಪೆಯ ಹಂಡೆ ಒಪ್ಪಿಸಿದರು. ನೀರಿಗೆ ಪಟಿಕ ಸಾಕೋ ಬೇಕೋ ಅಂತ ನಾಲಿಗೆ ತುದಿಗೆ ಹಚ್ಚಿಕೊಂಡು ಹೇಳುವಷ್ಟು ಅವಳು ಪಳಗಿದಳು. ಗಿರಾಕಿಗಳು ಬಂದರೆ ದ್ಯಾಮಕ್ಕನ ಹಳದಿ ಇದೆಯಾ ಎಂದೇ ಕೇಳುತ್ತಿದ್ದರು. ಮನೆಯಲ್ಲಿ ಅತ್ತಿಗೆ ಬೆಳಗಿನ ಮೊದಲ ಚಹಾ ಇವಳ ಮುಂದೆ ತಂದಿಡತೊಡಗಿದಳು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಕ್ಯಾಲಿಪರ್‌ನ ಮೇಲಿನ ಲೇಪ ಸವೆದು ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ಒಂದು ದಿನ ಒದ್ದೆ ಬಟ್ಟೆ ಹಿಂಡುವಾಗ ತುಕ್ಕಿನ ನೀರು ಸಿಡಿದು ಮೂರು ಹಳದಿ ಸೀರೆಗಳ ಮೇಲೆ ಕಪ್ಪು ಚುಕ್ಕೆ ಎದ್ದವು. ಕಬ್ಬಿಣ ತಾಗಿದರೆ ದಾಳಿಂಬೆ ಬಣ್ಣ ಕಪ್ಪಾಗುತ್ತದೆ. ಹಂಡೆಯ ಕೋಣೆಗೆ ಕಬ್ಬಿಣ ತಂದವರು ಮನೆಗೆ ಹೋಗಬೇಕೆಂಬುದು ಕೇಂದ್ರದ ಮೊದಲ ನಿಯಮ. ಮೇಷ್ಟ್ರು ಮನೆಗೆ ಕಳಿಸಲಿಲ್ಲ, ಬೈಯಲೂ ಇಲ್ಲ. ನಿನ್ನ ತಪ್ಪಲ್ಲವ್ವ ಎಂದು ಮೆತ್ತಗೆ ಹೇಳಿ, ಅಂಗಳದಲ್ಲಿ ಸಿಪ್ಪೆ ಒಣಗಿಸುವ ಕೆಲಸಕ್ಕೆ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಹಂಡೆ ಸಿಕ್ಕಿದ್ದು ನಿಶಾತಳಿಗೆ. ಮೆಕ್ಯಾನಿಕ್ ಶೇಖಾವಲಿಯ ಮಗಳು, ಹತ್ತೊಂಬತ್ತು ವರ್ಷ, ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಒಂದೇ ತಿಂಗಳಲ್ಲಿ ಅವಳ ಹಳದಿ ದ್ಯಾಮಕ್ಕನ ಹಳದಿಯಷ್ಟೇ ಚೆಂದ ಬಂತು. ದ್ಯಾಮಕ್ಕನ ಮೈಯೆಲ್ಲ ಉರಿದುಹೋಯಿತು. ಕಿವಿ ಕೇಳದಿದ್ದರೇನು, ಎರಡು ಕಾಲು ನೆಟ್ಟಗಿಲ್ಲವೇ? ಲೋಕದಲ್ಲಿ ಎಲ್ಲಾದರೂ ಹೋಗಿ ದುಡಿಯಬಹುದಲ್ಲ, ನನ್ನ ಹಂಡೆಯೇ ಬೇಕಿತ್ತೇ? ಹುಡುಗಿ ಎದುರಿಗೆ ಬಂದು ನಕ್ಕರೆ ಇವಳು ಮುಖ ತಿರುವುತ್ತಿದ್ದಳು. ನಗುವುದನ್ನು ಆ ಪುಣ್ಯಾತ್ಗಿತ್ತಿ ಬಿಡಲೂ ಇಲ್ಲ.

ಕೊನೆಗೊಂದು ದಿನ ದ್ಯಾಮಕ್ಕ ಮಾಡಬಾರದ್ದು ಮಾಡಿದಳು. ಕ್ಯಾಲಿಪರ್‌ನ ಮೊಳಕಾಲಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದಕ್ಕೆ ಹುಣಸೆಹಣ್ಣು ಮೆತ್ತಿ, ಬಟ್ಟೆ ಸುತ್ತಿ ಒಂದು ದಿನ ಬಿಟ್ಟಳು. ಸಡಿಲವಾದ ಮೇಲೆ ಬಿಚ್ಚಿ, ಎಲ್ಲರೂ ಚಹಾಕ್ಕೆ ಎದ್ದಾಗ ಹುಣಸೆಹಣ್ಣಿನ ಸಮೇತ ನಿಶಾತಳ ಹಂಡೆಗೆ ಹಾಕಿಬಿಟ್ಟಳು. ನಟ್ಟಿಲ್ಲದ ಜಾಗಕ್ಕೆ ಚಿಂದಿ ಕಟ್ಟಿಕೊಂಡಳು. ಅಂದಿನಿಂದ ಹೆಜ್ಜೆ ಹೆಜ್ಜೆಗೂ ಅವಳ ಕಾಲು ಟಕ್ ಟಕ್ ಎನ್ನತೊಡಗಿತು. ಎಲ್ಲರೂ ಕೇಳಿಸಿಕೊಂಡರು, ಯಾಕೆಂದು ಯಾರೂ ಕೇಳಲಿಲ್ಲ.

ಸಂಜೆ ಹಂಡೆಯಿಂದ ತೆಗೆದ ಹತ್ತು ದುಪ್ಪಟ್ಟಗಳು ಹಳದಿಯಾಗಿರಲಿಲ್ಲ. ಬಾಡಿದ ಹುಣಸೆ ಎಲೆಯ ಬಣ್ಣ, ಒಂದು ಕಲೆಯಿಲ್ಲದೆ, ಒಂದೇ ಸಮ. ಮೇಷ್ಟ್ರ ಮುಖ ಸಣ್ಣಗಾಯಿತು. ನಿಶಾತ ತಲೆ ತಗ್ಗಿಸಿ ಒಬ್ಬಳೇ ಹಂಡೆ ತೊಳೆದಳು. ದ್ಯಾಮಕ್ಕ ಅವತ್ತು ಹೊಟ್ಟೆ ತುಂಬ ಉಂಡಳು.

ಆ ಸಂತೋಷ ಒಂದೇ ದಿನದ್ದು. ಮರುದಿನ ಮೈಸೂರಿನ ಬಟ್ಟೆ ಅಂಗಡಿಯಾಕೆಯೊಬ್ಬಳು ಬಂದಳು, ಹಗ್ಗದ ಮೇಲಿನ ದುಪ್ಪಟ್ಟಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಇದೇ ಬಣ್ಣದಲ್ಲಿ ಇನ್ನೂರು ಬೇಕು, ಮಾಡಿದವರು ಯಾರು ಎಂದಳು. ಎಲ್ಲರೂ ನಿಶಾತಳನ್ನು ತೋರಿಸಿದರು. ಮೇಷ್ಟ್ರು ಮಾದರಿಯ ಕಾರ್ಡಿನಲ್ಲಿ 'ನಿಶಾತ ಬಣ್ಣ' ಎಂದು ದುಂಡಗೆ ಬರೆದು ಗೋಡೆಗೆ ಅಂಟಿಸಿದರು. ದ್ಯಾಮಕ್ಕ ಅದನ್ನು ಎರಡು ಸಲ ಓದಿ, ಸಿಪ್ಪೆಯ ಮೊರ ಎತ್ತಿಕೊಂಡು ಅಂಗಳಕ್ಕೆ ಹೋದಳು.

ಆದರೆ ಆ ಬಣ್ಣ ಮತ್ತೆ ಬರಲಿಲ್ಲ. ಕಬ್ಬಿಣವೇ ತಾಗಿರಬೇಕೆಂದು ಮೇಷ್ಟ್ರು ಊಹಿಸಿ ಮೊಳೆ ಹಾಕಿ ನೋಡಿದರು. ಬರೀ ಕಪ್ಪು ಕಲೆ. ಹೇಗೆ ಮಾಡಿದೆ ಎಂದು ಸನ್ನೆಯಲ್ಲಿ ಕೇಳಿದರೆ ನಿಶಾತ ನಾನಲ್ಲ ಎಂಬಂತೆ ತಲೆಯಾಡಿಸುತ್ತಿದ್ದಳು. ನೋಡಿ, ಎಷ್ಟು ದೊಡ್ಡತನ, ಹೆಮ್ಮೆಯೇ ಇಲ್ಲ ಎಂದು ಎಲ್ಲರೂ ಹೊಗಳಿದರು. ಎರಡು ತಿಂಗಳು ದ್ಯಾಮಕ್ಕ ಹಲ್ಲು ಕಚ್ಚಿ ತಡೆದುಕೊಂಡಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮತ್ತೆ ಅಣ್ಣನ ಮನೆಯ ಕಟ್ಟೆ. ಬಿಡದಿದ್ದರೆ ತನ್ನ ಬಣ್ಣ ಜೀವನಪೂರ್ತಿ ಇನ್ನೊಬ್ಬಳ ಹೆಸರಿನಲ್ಲಿ. ಮೈಸೂರಿನಾಕೆಗೆ ಆಗುವುದಿಲ್ಲವೆಂದು ಪತ್ರ ಬರೆಯಲು ಮೇಷ್ಟ್ರು ಕೂತ ದಿನ ಅವಳು ಟಕ್ ಟಕ್ ಎನ್ನುತ್ತ ಒಳಗೆ ಬಂದಳು.

"ಆ ಬಣ್ಣ ಅಕಿದಲ್ರಿ, ನಂದು," ಎಂದಳು. "ಅಕಿ ಹಂಡೆ ಕೆಡ್ಲಿ ಅಂತ ನನ್ನ ಕಾಲಿನ ನಟ್ಟು ಹಾಕಿದ್ದೆ. ಹುಣಸೆಹಣ್ಣು ಮೆತ್ತಿದ್ದ ನಟ್ಟು. ಮನಿಗೆ ಕಳಸ್ರಿ ಬೇಕಾದ್ರ, ಹೆಸರು ಮಾತ್ರ ತಿದ್ರಿ."

ಪಶ್ಚಾತ್ತಾಪ ಎಂದುಕೊಳ್ಳಬೇಡಿ, ಅಪ್ಪಟ ಹೊಟ್ಟೆಕಿಚ್ಚು. ಮೇಷ್ಟ್ರು ಪೆನ್ನು ಕೆಳಗಿಟ್ಟರು. ದ್ಯಾಮಕ್ಕ ಸೀರೆಯ ಅಂಚು ಎತ್ತಿ ಚಿಂದಿ ಕಟ್ಟಿದ ಜಾಗ ತೋರಿಸಿದ್ದನ್ನು ನೋಡಿ, ಬಾಗಿಲಲ್ಲಿ ನಿಂತಿದ್ದ ನಿಶಾತಳಿಗೆ ಇವಳು ಒಪ್ಪಿಕೊಂಡಳೆಂದು ಮಾತಿಲ್ಲದೆಯೇ ತಿಳಿಯಿತು. ದುಪ್ಪಟ್ಟದ ತುದಿಯ ಗಂಟು ಬಿಚ್ಚಿ ನಟ್ಟು ತೆಗೆದಳು. ಹಂಡೆ ತೊಳೆದ ಸಂಜೆಯೇ ಅವಳಿಗೆ ಅದು ಸಿಕ್ಕಿತ್ತು. ಯಾರ ಕಾಲಿನದೆಂದು ಮೆಕ್ಯಾನಿಕನ ಮಗಳಿಗೆ ಬೇರೆ ಹೇಳಬೇಕೇ? ತೋರಿಸಿದ್ದರೆ ದ್ಯಾಮಕ್ಕ ಅಂದೇ ಮನೆಗೆ ಹೋಗುತ್ತಿದ್ದಳು. ಹುಡುಗಿ ಈಗ ನೆಲಕ್ಕೆ ಕೂತು, ಚಿಂದಿ ಬಿಚ್ಚಿ, ಆ ನಟ್ಟನ್ನು ಕ್ಯಾಲಿಪರ್‌ಗೆ ಕೂರಿಸಿ ಬೆರಳಿನಲ್ಲೇ ಗಟ್ಟಿಯಾಗಿ ಬಿಗಿದಳು.

ಮೇಷ್ಟ್ರು ಗೋಡೆಯಿಂದ ಕಾರ್ಡು ಬಿಡಿಸಿ ತಂದರು. ಅದರಲ್ಲಿ ಹೆಸರು ತಿದ್ದಿದರು, ನಾಳೆಯಿಂದ ಆ ಹುಣಸೆ ಬಣ್ಣಕ್ಕೆ ಬೇರೆ ಹಂಡೆ, ಅದರ ಮುಂದೆ ದ್ಯಾಮಕ್ಕನೇ ಕೂರಬೇಕು ಎಂದರು.

ಕೇಳಿದ್ದೆಲ್ಲ ಸಿಕ್ಕಿತು. ಸಂಜೆ ದ್ಯಾಮಕ್ಕ ಬಸ್ ಸ್ಟ್ಯಾಂಡಿಗೆ ನಡೆದು ಹೋದಳು. ಎರಡು ತಿಂಗಳ ಮೇಲೆ ಮೊದಲ ಸಲ ಕಾಲು ಸದ್ದು ಮಾಡಲಿಲ್ಲ. ಒಳ್ಳೆಯತನದಲ್ಲೂ ಆ ಹುಡುಗಿಯೇ ಗೆದ್ದಳಲ್ಲ ಎಂದು ಹಾದಿಯುದ್ದಕ್ಕೂ ಹೊಟ್ಟೆ ಉರಿಯುತ್ತಲೇ ಇತ್ತು.