ಕಾಲುವೆ ಪೆಟ್ಟಿಗೆ, ಎಲ್ಲಮ್ಮನ ದೀಪ

ಮೊನ್ನೆ ರಾಯಚೂರಿನ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಶಕ್ತಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಟೆಕ್ನಿಶಿಯನ್ ಮೇಡಂ ನೆನಪಾದರು... ಅವರ ಕೈಚೀಲಕ್ಕೂ ಇದೇ ವಾಸನೆ.

ಆಗ ನಾನು ನೀರಮಾನ್ವಿ ಕಡೆಯ ಕಾಲುವೆ ಗೇಟಿನ ಕಾವಲುಗಾರ. ನೀರಿನ ಮಟ್ಟ ಅಳೆದು ತಾನೇ ಬರೆದಿಡುವ ಪೆಟ್ಟಿಗೆಯೊಂದನ್ನು ನನ್ನ ಕೋಣೆಯ ಗೋಡೆಗೆ ಕೂರಿಸಿದ್ದರು. ಅದರೊಳಗಿನ ಉಗುರಗಲದ ಮೆಮೊರಿ ಕಾರ್ಡನ್ನು ಮೇಡಂ ಆಗಾಗ ಬಂದು ತೆಗೆದು ಓದುತ್ತಿದ್ದರು. ಒಂದು ವರ್ಷ ಭತ್ತದ ಹಂಗಾಮಿನಲ್ಲಿ ಅಂಕಿಗಳು ಕೆಡತೊಡಗಿದವು. ತುಂಬಿ ಹರಿಯುವ ಕಾಲುವೆಯನ್ನು ಕಾರ್ಡು ಒಣಗಿದೆ ಎನ್ನುತ್ತಿತ್ತು. ಪೆಟ್ಟಿಗೆ ಮಾತ್ರ ಏನೋ ಕೆಟ್ಟಿದೆ ಎಂದು ತೋರಿಸಲೇ ಇಲ್ಲ. ಅದರ ಹಸಿರು ದೀಪ ಎಂದಿನಂತೆ ಮಿನುಗುತ್ತಿತ್ತು. ಇದು ಸರಿಹೋಗದಿದ್ದರೆ ಮೇಡಂ ಅವರನ್ನು ಕೆಲಸದಿಂದ ಬಿಡಿಸುತ್ತೇವೆಂದು ಮೇಲಿನವರು ಹೇಳಿದ್ದರು.

ಮೇಡಂ ನನ್ನ ಕಾರ್ಡನ್ನು ದೇವದುರ್ಗದ ಕಾಲುವೆಯ ಇಂಥದೇ ಪೆಟ್ಟಿಗೆಗೆ, ಅಲ್ಲಿಯದನ್ನು ಇಲ್ಲಿಗೆ ಹಾಕಿದರು. ಅಲ್ಲಿ ನನ್ನ ಕಾರ್ಡು ಸರಿಯಾಗಿಯೇ ಬರೆಯಿತು. ಇಲ್ಲಿ ಅಲ್ಲಿಯ ಕಾರ್ಡೂ ಕೆಟ್ಟಿತು. ಅಂದರೆ ರೋಗ ಕಾರ್ಡಿನದಲ್ಲ. ಕೆಟ್ಟ ಅಂಕಿಗಳೆಲ್ಲ ಯಾವ ದಿನದವೆಂದು ನೋಡಿ ಕೇಳಿದರು.

"ಯಪ್ಪಾ, ಮಂಗಳವಾರ, ಶುಕ್ರವಾರ ಸಂಜಿಮುಂದ ಇಲ್ಲಿ ಏನ್ ನಡೀತದ?"

"ಏನಿಲ್ರೀ," ಎಂದೆ.

ಸುಳ್ಳು. ಆ ಎರಡು ದಿನ ಎಲ್ಲಮ್ಮನ ಪಟಕ್ಕೆ ಪುಟ್ಟ ಬಲ್ಬುಗಳ ಸರದೀಪ ಹಚ್ಚುತ್ತಿದ್ದೆ. ಕೋಣೆಗೆ ಕರೆಂಟಿಲ್ಲದ್ದರಿಂದ ಪೆಟ್ಟಿಗೆಯ ಬ್ಯಾಟರಿಗೇ ತಂತಿ ಸಿಕ್ಕಿಸಿದ್ದೆ. ಹೇಳಿದರೆ ನೌಕರಿ ಹೋದೀತೆಂಬ ಭಯ.

ಶುಕ್ರವಾರ ಮೇಡಂ ಬಂದು ಕೂತೇಬಿಟ್ಟರು. ನಾನು ಅಂದು ದೀಪ ಹಚ್ಚಲಿಲ್ಲ. ಪೆಟ್ಟಿಗೆಯಿಂದ ಗೊತ್ತಿರುವ ಅಂಕಿಗಳನ್ನೇ ಬರೆಯಿಸಿ, ಮತ್ತೆ ಓದಿಸಿ, ಸಾಲುಸಾಲಾಗಿ ತಾಳೆ ನೋಡಿದರು. ಒಂದೂ ತಪ್ಪಲಿಲ್ಲ. ಹೊತ್ತು ಮುಳುಗುವಾಗ ಪಟದ ಕಡೆ ತಿರುಗಿದರು.

"ಹೂವು ಏರಿಸೀರಿ, ದೀಪ ಯಾಕ ಹಚ್ಚಿಲ್ಲ? ನನ್ನ ನೋಡಿ ಎಲ್ಲಮ್ಮ ನಾಚ್ಕೊಂಡಾಳೇನು? ಹಚ್ರಿ."

ಅವರೆದುರೇ ಬ್ಯಾಟರಿಗೆ ತಂತಿ ಸಿಕ್ಕಿಸಿ ಹಚ್ಚಿದೆ. ಮತ್ತೆ ಬರೆಯಿಸಿ ಓದಿಸಿದರು. ಅಂಕಿಗಳು ಕೆಟ್ಟಿದ್ದವು. ದೀಪ ಕರೆಂಟು ಎಳೆದು ಬ್ಯಾಟರಿ ಸೋತಾಗ ಪೆಟ್ಟಿಗೆ ಅರ್ಧಂಬರ್ಧ ಬರೆದು, ಪೂರ್ತಿ ಬರೆದೆನೆಂದೇ ತಿಳಿಯುತ್ತದಂತೆ.

"ಸುಳ್ಳ ಹೇಳೋದು ಪೆಟ್ಟಿಗಿ ನಿಮ್ಮ ಕಡಿಂದನ ಕಲ್ತದ ನೋಡ್ರಿ," ಎಂದು ನಕ್ಕರು.

ದೇವಿಗೆ ಬೇರೆ ಬ್ಯಾಟರಿ ತಂದುಕೊಟ್ಟರು. ಮೇಲಿನವರಿಗೆ ಬ್ಯಾಟರಿ ಸೋತಿತ್ತೆಂದಷ್ಟೇ ಹೇಳಿದರು. ಅವರ ಕೆಲಸ ಉಳಿಯಿತು, ನನ್ನದೂ ಉಳಿಯಿತು. ಆದರೆ ಬ್ಯಾಟರಿ ನೋಡಿಕೊಳ್ಳಲಿಲ್ಲವೆಂಬ ಬೈಗುಳ ಅವರ ಪಾಲಿಗೆ ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ...

ಬರೆಸು, ಓದಿಸು, ತಾಳೆ ನೋಡು ಎಂಬುದನ್ನು ಆಮೇಲೆ ನನಗೂ ಕಲಿಸಿದರು. ನಾನಿರುವವರೆಗೆ ನನ್ನ ಪೆಟ್ಟಿಗೆ ತಪ್ಪು ಹೇಳಲಿಲ್ಲ. ಒಮ್ಮೆ ರಾಯಚೂರಿನಲ್ಲಿ ಎಲ್ಲರೆದುರು ಅವರು, "ನೀರಮಾನ್ವಿ ಪೆಟ್ಟಿಗಿ ಕಣ್ಮುಚ್ಚಿ ನಂಬ್ರಿ," ಎಂದಾಗ ನನ್ನೆದೆ ಉಬ್ಬಿತ್ತು. ಇಂದಿಗೂ ಉಬ್ಬುತ್ತದೆ.

ಅವರು ಬೈಸಿಕೊಳ್ಳುವಾಗ ಬಾಯಿ ಬಿಡದ ತಪ್ಪನ್ನು ಒಪ್ಪಿಕೊಳ್ಳೋಣವೆಂದು ಹೋದ ವರ್ಷ ಶಕ್ತಿನಗರಕ್ಕೆ ಹೋಗಿದ್ದೆ. ಮೇಡಂ ತೀರಿಕೊಂಡರೆಂದು ನೆರೆಮನೆಯವರು ಹೇಳಿದರು.

ಮೊನ್ನೆ ಆ ಅಂಗಡಿಯವನು ನನ್ನ ಫೋನಿಗೆ ಹೊಸ ಕಾರ್ಡು ಹಾಕಿದಾಗ, ಏನಾದರೂ ಬರೆದು ಓದಿ ತಾಳೆ ನೋಡು ಎಂದೆ.

"ಇದನ್ನ ಯಾರ್ ಕಲಿಸ್ಯಾರ್ರೀ ಅಜ್ಜಾರ?"

"ನಮ್ಮ ಮೇಡಂ," ಎಂದೆ. ಅಲ್ಲೇ ನಿಂತು, ತಂತಿ ಸಿಕ್ಕಿಸಿದವನು ನಾನೇ ಎಂಬುದನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಬೈಗುಳ ತಿಂದವರಿಗೆ ಅದು ಕೇಳಿಸುವಂತಿರಲಿಲ್ಲ.